ಬೆಟ್ಟಸ್ವಾಮಿಯ ಕಷ್ಟ ಕೇಳಿದ ಸಭೆ

ಗುಬ್ಬಿಯ ಟೈಲರ್ ಬೆಟ್ಟಸ್ವಾಮಿಗೆ ತನ್ನ ಕಷ್ಟ ಹೇಳಿಕೊಳ್ಳಲು ಒಂದು ಅವಕಾಶ ಬಂತು. ಕಷ್ಟ ಶುರುವಾಗಿದ್ದೇ ಅಲ್ಲಿಂದ.

ಅವನ ತಾಯಿ ಹನುಮಂತಮ್ಮನಿಗೆ ಮರೆವಿನ ಕಾಯಿಲೆ. ಇವನು ಹೊಲಿಗೆ ಮಿಷನ್ ತುಳಿಯುತ್ತಿದ್ದರೆ ಆಕೆ ಬಸ್ ಸ್ಟ್ಯಾಂಡಿಗೆ ಹೋಗಿ, ಹೊರಟು ನಿಂತ ಯಾವುದೋ ಬಸ್ಸು ಹತ್ತಿ ಕೂತುಬಿಡುತ್ತಿದ್ದಳು. ಇವನು ಶಟರ್ ಎಳೆದು ಹಿಂದೆ ಓಡಬೇಕು. ಹೀಗೇ ಬಾಗಿಲು ಹಾಕುತ್ತಿದ್ದರೆ ಮಳಿಗೆ ಬೇರೆಯವರಿಗೆ ಕೊಡುತ್ತೇನೆ ಎಂದು ಮಾಲೀಕ ಹೇಳಿಯೂ ಆಗಿತ್ತು. ಮದುವೆಯಾಗದ ಬೆಟ್ಟಸ್ವಾಮಿಗೆ ಬೇರೆ ದಿಕ್ಕಿರಲಿಲ್ಲ.

ಅವತ್ತು ಬೆಳಿಗ್ಗೆ ಪಕ್ಕದ ಸೈಕಲ್ ಶಾಪಿನ ಸಾದಿಕ್ ಪೇಪರ್ ಹಿಡಿದು ಬಂದ.

"ಸ್ವಾಮಿ, ಮರೆವಿನ ಕಾಯಿಲೆಯೋರಿಗೆ ಅಂತ ಕಾನೂನು ಮಾಡ್ತಾರಂತೆ. ನೋಡ್ಕೊಳ್ಳೋರ ಕಷ್ಟ ಕೇಳೋಕೆ ಮಧ್ಯಾಹ್ನ ತುಮಕೂರಲ್ಲಿ ಸಭೆ. ವಯಸ್ಸಾದೋರ್ನ ಹಗಲೊತ್ತು ಬಿಡೋಕೆ ಗುಬ್ಬೀಲಿ ಒಂದು ಕೇಂದ್ರ ಕೇಳು."

ಬೆಟ್ಟಸ್ವಾಮಿಗೆ ಜೀವ ಬಂದಂತಾಯಿತು. ಆಮೇಲೆ ಹೊಳೆಯಿತು. ತಾಯಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ ಎಂದು ಹೇಳಲು ಹೋಗಬೇಕಾದರೆ, ತಾಯಿಯನ್ನು ನೋಡಿಕೊಳ್ಳಲು ಯಾರಾದರೂ ಬೇಕು.

"ನಾನಿಲ್ವಾ, ಹೋಗ್ಬಾ" ಎಂದಳು ಎದುರುಮನೆ ಮಂಜುಳಮ್ಮ. ಹೊರಡುವ ಹೊತ್ತಿಗೆ ಅವಳೇ ರೇಷ್ಮೆ ಸೀರೆ ಉಟ್ಟು ಬಂದಳು. "ಮರೆಯೋಕೂ ಕಾನೂನಾ? ಅದೇನು ಅಂತ ನಾನೂ ನೋಡ್ಬೇಕಲ್ಲ."

ಆ ಕುತೂಹಲ ಬೀದಿಗೆಲ್ಲ ಅಂಟಿಕೊಂಡಿತು. ಮರೆತವರಿಗೆ ಫೈನ್ ಹಾಕುತ್ತಾರೋ, ನೆನಪಿರುವವರಿಗೋ ಎಂದು ವಾದ ಮಾಡುತ್ತ ಅರ್ಧ ಬೀದಿ ಹೊರಟಿತು. ಬೆಟ್ಟಸ್ವಾಮಿ ತಾಯಿಯ ಕೈ ಹಿಡಿದೇ ಬಸ್ಸು ಹತ್ತಿದ.

ಬಸ್ಸಿನ ತುಂಬ ಒಳ್ಳೆ ಸೀರೆ, ಮಲ್ಲಿಗೆ ಹೂವು ಕಂಡು ಹನುಮಂತಮ್ಮನ ಮುಖ ಅರಳಿತು.

"ಹುಡುಗಿ ಮನೆ ಯಾವೂರಪ್ಪಾ?"

"ಹೆಣ್ಣು ನೋಡೋಕಲ್ಲ ಕಣವ್ವ. ಸರ್ಕಾರದ ಮೀಟಿಂಗು."

"ಆಯ್ತು ಬುಡು, ಮಾತುಕತೆ ನಾನಾಡ್ತೀನಿ. ನೀನು ಬಾಯಿ ಹಾಕ್ಬೇಡ."

ತುಮಕೂರಿನ ಸಭೆಯಲ್ಲಿ ವೇದಿಕೆಯ ಮೇಲೆ ಸಾಲಾಗಿ ದೊಡ್ಡವರು, ಅವರ ಮುಂದೆ ತಟ್ಟೆಯಲ್ಲಿ ಬಾಳೆಹಣ್ಣು, ಬಿಸ್ಕತ್ತು. ಹನುಮಂತಮ್ಮನಿಗೆ ಇದ್ದ ಅಷ್ಟಿಷ್ಟು ಅನುಮಾನವೂ ಹೋಯಿತು. ಹೆಸರು ಕರೆದಾಗ ಬೆಟ್ಟಸ್ವಾಮಿ ಮೈಕ್ ಹಿಡಿದ.

"ಸಾರ್, ನಮ್ಮವ್ವನ್ನ ನೋಡ್ಕೊಳ್ಳೋದು ಬಾಳ ಕಷ್ಟ…"

ಜೊತೆಗೇ ಬಂದಿದ್ದ ಹನುಮಂತಮ್ಮ ಮೈಕ್ ಕಿತ್ತುಕೊಂಡಳು.

"ಇವನು ನನ್ನ ಮಗ. ಚಿನ್ನದಂಥೋನು. ಅಡಿಗೆ ಮಾಡ್ತಾನೆ, ನನ್ನ ತಲೆ ಬಾಚಿ ಜಡೆ ಹಾಕ್ತಾನೆ. ಅಂಗಡಿ ಜೋರಾಗೈತೆ. ನಮ್ಮನೇಲಿ ಕಾಯಿಲೆ ಕಸಾಲೆ ಏನೂ ಇಲ್ಲ. ಕಷ್ಟ ಅಂದ್ರೇನು ಅಂತ್ಲೇ ನಮಗೆ ಗೊತ್ತಿಲ್ಲ."

ಹೆಣ್ಣಿನ ಕಡೆಯವರ ಮುಂದೆ ಗಂಡಿನ ತಾಯಿ ಮನೆಯ ಹುಳುಕು ಹೇಳಿದ್ದುಂಟೇ? ಸಭೆ ಕಣ್ಣೊರೆಸಿಕೊಂಡಿತು. ಬೆಟ್ಟಸ್ವಾಮಿಯ ಕಣ್ಣಲ್ಲೂ ನೀರು. ತಾಯಿ ಅವನನ್ನು ಮಗ ಎಂದು ಗುರುತಿಸಿ ಎಷ್ಟೋ ಕಾಲವಾಗಿತ್ತು. ಆ ಮಾತನ್ನು ಸುಳ್ಳು ಮಾಡಲು ಅವನಿಗೆ ಮನಸ್ಸು ಬರಲಿಲ್ಲ.

ಅಧ್ಯಕ್ಷರು ಎದ್ದು ಬಂದು ಶಾಲು ಹೊದಿಸಿದರು. "ಇಂಥ ಮಕ್ಕಳಿರುವ ಊರಿಗೆ ಕೇಂದ್ರ ಯಾಕೆ? ಪಟ್ಟೀಲಿ ಗುಬ್ಬಿ ಹೊಡೆದುಹಾಕಿ ಕುಣಿಗಲ್ ಅಂತ ಬರ್ಕೊಳ್ಳಿ" ಎಂದು ಪಕ್ಕದವರಿಗೆ ಹೇಳಿದರು.

ವಾಪಸ್ ಬರುವಾಗ ಸಾದಿಕ್ ಕೇಳಿದ. "ಒಂದ್ಮಾತು ಆಡ್ಬಾರ್ದಿತ್ತಾ?"

"ಮಗ ಅಂದ್ಲು ಕಣೋ" ಎಂದ ಬೆಟ್ಟಸ್ವಾಮಿ.

ಸಂಜೆ ಬೀಗ ತೆಗೆದು ತಾಯಿಯನ್ನು ಕೂರಿಸುವಷ್ಟರಲ್ಲಿ ಮಂಜುಳಮ್ಮ ತನ್ನ ಮಾವ ಲಕ್ಷ್ಮೀನರಸಿಂಹಯ್ಯನ ಕೈ ಹಿಡಿದು ಒಳಗೆ ಬಂದಳು. ಬಗಲಲ್ಲಿ ಹಾಸಿಗೆ ಸುರುಳಿ.

"ಇವ್ರಿಗೂ ಈಚೀಚೆಗೆ ಏನೂ ನೆನಪಿರಲ್ಲ ಸ್ವಾಮಿ. ನಿನಗೇನೂ ಕಷ್ಟ ಇಲ್ವಂತಲ್ಲ, ಇಲ್ಲೇ ಇರ್ಲಿ ಬುಡು" ಎಂದು ಹಾಸಿಗೆ ಇಳಿಸಿ ಹೊರಟೇಹೋದಳು.

ಬೆಟ್ಟಸ್ವಾಮಿ ಶಾಲು ಹೊದ್ದುಕೊಂಡೇ ನಿಂತಿದ್ದ. ಹನುಮಂತಮ್ಮ ಸೆರಗು ಸರಿಮಾಡಿಕೊಂಡು ಅವನ ಕಡೆ ತಿರುಗಿದಳು.

"ಯಾರಪ್ಪಾ ನೀನು, ಸುಮ್ನೆ ನಿಂತಿದೀಯಲ್ಲ? ಬೀಗರಿಗೆ ಕಾಫಿ ಕೊಡು. ನನ್ನ ಮಗ ಈಗ ಬಂದ್ಬುಡ್ತಾನೆ."