ಮಾವನಿಗೆ ನಾಲ್ಕೇ ಮಾತು

ನಮ್ಮ ಸೋದರಮಾವ ಉಸಿರಾಡುವುದನ್ನು ನಾನು ಇದುವರೆಗೂ ನೋಡಿಲ್ಲ! ಎದುರಿಗೆ ಗಟ್ಟಿಮುಟ್ಟಾಗಿ ಕೂತಿದ್ದಾರೆ ಅಂದಮೇಲೆ ಯಾವಾಗಲೋ ಉಸಿರಾಡುತ್ತಿರಲೇಬೇಕು. ಆದರೆ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅದಕ್ಕೆ ಜಾಗವೆಲ್ಲಿದೆ, ನೀವೇ ಹೇಳಿ?

ನಾರಾಯಣಪುರ ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಕಾಲುವೆಯ ಗೇಟು ಎತ್ತಿ ಇಳಿಸಿ ನಿವೃತ್ತರಾದವರು. ನೀರಿಗೆ ಗೇಟು ಹಾಕಿದರೇ ಹೊರತು ಬಾಯಿಗೆ ಹಾಕಲಿಲ್ಲ ಎಂದು ನಮ್ಮವ್ವ ಅನ್ನುತ್ತಾಳೆ, ಅವರ ಸ್ವಂತ ತಂಗಿ! ಒಮ್ಮೆ ಸೈದಾಪುರದಿಂದ ಯಾರೋ ತಪ್ಪಿ ಇವರ ನಂಬರಿಗೆ ಫೋನ್ ಮಾಡಿದರು. ಬೇರೆಯವರಾದರೆ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಿದ್ದರು. ಮಾವ ಒಂದು ತಾಸು ಮಾತಾಡಿದರು. ಆರು ತಿಂಗಳಿಗೆ ಆ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವಾಗ ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದೆವು.

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರು. ಒಂದು ದಿನ ಮಾವ ಕೇಳಿದರು: “ಏನವ್ವಾ, ನನ್ನಂಗ ಮಾತಾಡವ್ರಿಗಿ ಇಂಗ್ಲಿಷಿನ್ಯಾಗ ಏನಂತಾರ?”

“ಟಾಕೆಟಿವ್ ಅಂತಾರ, ಮಾವ.”

“ಅಷ್ಟೇನಾ?”

ಚಾಟರ್‌ಬಾಕ್ಸ್ ಅಂದೆ. “ಅದು ಡಬ್ಬಿ ಆತಲ್ಲ” ಎಂದು ಮುಖ ಸಿಂಡರಿಸಿದರು. ಗ್ಯಾರುಲಸ್ ಅಂದೆ, ಅದರಲ್ಲಿ ಸ್ವಲ್ಪ ಬೈಗುಳವೂ ಇದೆ ಎಂದು ಹೇಳಲಿಲ್ಲ. ಕೊನೆಗೆ ಲೊಕ್ವೇಶಿಯಸ್ ಅಂದಾಗ ಎದ್ದೇ ನಿಂತರು!

“ಇದು ಸಾಹೇಬ್ರ ಪೋಸ್ಟ್ ಇದ್ದಂಗ ಐತಿ ನೋಡು! ಟಾಕೆಟಿವ್ ಅಂದ್ರ ಗೇಟಿನಾಂವ, ಗ್ಯಾರುಲಸ್ ಅಂದ್ರ ಕ್ಲಾರ್ಕ್, ಲೊಕ್ವೇಶಿಯಸ್ ಅಂದ್ರ ಸೀದಾ ಇಂಜಿನಿಯರ್!”

ನೌಕರಿಯಲ್ಲಿ ಸಿಗದ ಪ್ರಮೋಷನ್ ನಿವೃತ್ತಿಯ ಮೇಲೆ ಸಿಕ್ಕಿತು. ಅಂದಿನಿಂದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮೊದಲು ಹೇಳುವುದೇ “ನಾ ಲೊಕ್ವೇಶಿಯಸ್ ಅದೀನ್ರಿ” ಎಂದು. ಒಬ್ಬಾತ ಗಾಬರಿಯಾಗಿ, ಸರಿದು ಕೂತು, “ಡಾಕ್ಟರಿಗಿ ತೋರಿಸೀರೇನ್ರಿ?” ಎಂದು ಕೇಳಿದನಂತೆ.

ನಗಬೇಡಿ! ಇದೇ ಬಾಯಿಂದ ನನ್ನ ತಂಗಿಗೆ ಬಂದ ಒಂದು ಸಂಬಂಧ ಮುರಿದಿದೆ. ನಮ್ಮ ಮನೆತನದಲ್ಲಿ ಹೆಣ್ಣಿನ ಕಡೆಯ ಮೊದಲ ಮಾತನ್ನು ಸೋದರಮಾವನೇ ಆಡಬೇಕು. ಹೋದ ವರ್ಷ ಬಂದವರ ಜೊತೆ ಹುಡುಗನ ಅಜ್ಜನೂ ಇದ್ದರು. ಮಾವ ಅವರ ಗುರುತು ಹಿಡಿದು, ಮೆಚ್ಚುಗೆಯಿಂದಲೇ, “ಹಿರ್ಯಾರ, ಕದ್ದು ಗೇಟ್ ಎತ್ತಿ ಹೊಲಕ್ಕ ನೀರ್ ಬಿಟ್ಕೊಳ್ಳೂದರಾಗ ನಿಮ್ಮಂಥ ಹುಷಾರ್ ಮನಷ್ಯಾನ ನಾ ಕಂಡಿಲ್ರಿ! ಮೂರ್ ಸಲ ಹಿಡದೀನಲ್ರಿ ನಿಮ್ಮನ್ನ!” ಎಂದರು. ಬಂದವರು ಚಹಾ ಕುಡಿಯದೆ ಎದ್ದುಹೋದರು.

ಈ ಸಲ ಮುದನಾಳದವರು ಸುರಪುರದ ನಮ್ಮ ಮನೆಗೆ ಬರುವವರಿದ್ದರು. ವಾರದಿಂದ ನನಗೆ ಅನ್ನ ಸೇರಿರಲಿಲ್ಲ. ತಂಗಿ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆ ಮಾಡುತ್ತಾಳೆ, ಹುಡುಗನ ಫೋಟೋ ಅವಳಿಗೆ ಹಿಡಿಸಿತ್ತು. ಆದರೆ ಅವಳಿಗೆ ಮಾತು ತಡೆಯುತ್ತದೆ. ಒಂದು ಅಕ್ಷರದ ಹತ್ತಿರ ನಿಂತುಬಿಟ್ಟರೆ ಮುಂದೆ ಹೋಗಲು ಹೊತ್ತು ಬೇಕು. ಚಿಕ್ಕಂದಿನಿಂದ ಅವಳ ಮಾತನ್ನು ಅವ್ವನೋ ನಾನೋ ಮುಗಿಸಿಕೊಟ್ಟೇ ಬಂದಿದ್ದೇವೆ. ಮುದನಾಳದವರಿಗೆ ಮೊದಲೇ ತಿಳಿಸಿದ್ದೆವು. ಆದರೂ ಕೇಳಿ ‘ಹೂಂ’ ಅನ್ನುವುದು ಬೇರೆ, ಎದುರಿಗೆ ಕೂತು ಕಾಯುವುದು ಬೇರೆ ಅಲ್ಲವೇ?

“ಮಾವ, ನಿಮಗ ನಾಕೇ ಮಾತು. ಐದನೇದು ಬಂತಂದ್ರ ನಾ ಕೆಮ್ಮತೀನಿ” ಎಂದು ತಾಕೀತು ಮಾಡಿದೆ.

“ಬರ್ರಿ, ಕುಂಡ್ರಿ ಅನ್ನೂದೂ ಇದರಾಗೇ ಬರ್ತದೇನವ್ವಾ?”

“ಇದರಾಗೇ!”

ಅವರು ಬಂದರು. ನಾಲ್ಕು ಮಾತು ಚಪ್ಪಲಿ ಬಿಡುವಷ್ಟರಲ್ಲೇ ಖರ್ಚಾದವು. ಐದನೆಯದಕ್ಕೆ ಕೆಮ್ಮಿದೆ. ಆರನೆಯದಕ್ಕೂ ಕೆಮ್ಮಿದೆ. ಹತ್ತನೆಯ ಮಾತಿನ ಹೊತ್ತಿಗೆ ಹುಡುಗನ ತಾಯಿ ನೀರಿನ ಗ್ಲಾಸು ನನ್ನ ಕೈಗಿಟ್ಟು, “ಭಾಳ ಕೆಮ್ಮಾಕತ್ತೀಯಲ್ಲವ್ವಾ, ಕಫ ತೋರ್ಸು. ನಿನ್ನ ತಂಗಿನೇ ಲ್ಯಾಬಿನ್ಯಾಗ ಅದಾಳಲ್ಲ!” ಎಂದರು. ಎಲ್ಲರೂ ನಕ್ಕರು. ಮಾವನಿಗೆ ಇನ್ನೇನು ಬೇಕು? ಡ್ಯಾಮಿನ ಅಷ್ಟೂ ಗೇಟು ಒಮ್ಮೆಲೇ ಎತ್ತಿದರು! ಯಾವಾಗ ಯಾರ ಅಜ್ಜನ ಹೆಸರು ಬರುತ್ತದೋ ಎಂಬ ಗಾಬರಿಯಲ್ಲಿ ನಾನು ಕೆಮ್ಮುವುದನ್ನೂ ಮರೆತೆ.

ಅಷ್ಟರಲ್ಲಿ ಹುಡುಗನ ತಂದೆ ತಂಗಿಯ ಕಡೆ ತಿರುಗಿ, “ನಿನಗೇನರ ಕೇಳೂದೈತೇನವ್ವಾ?” ಎಂದರು.

“ಮ... ಮ...” ಎಂದು ತಂಗಿ ನಿಂತಳು.

ಮಾವ ತಮ್ಮ ಮಾತನ್ನು ಅರ್ಧಕ್ಕೇ ಬಿಟ್ಟರು. ನಾನು ಗಡಬಡಿಸಿ, “ಮನಿಯಾಗ ಎಷ್ಟ್ ಮಂದಿ ಅದೀರಿ ಅಂತ...” ಎಂದು ಬಾಯಿ ಹಾಕಿದೆ. ಮಾವ ನನ್ನ ಕೈ ಹಿಡಿದು ಒತ್ತಿದರು. ಕಣ್ಣು ಮಾತ್ರ ಅವಳ ಮೇಲೆಯೇ ಇತ್ತು. ಅವಸರವಿಲ್ಲ, ಅಯ್ಯೋ ಪಾಪ ಎಂಬುದೂ ಇಲ್ಲ, ಸುಮ್ಮನೆ ಕೂತರು. ಅವರನ್ನು ನೋಡಿ ಹುಡುಗನ ಕಡೆಯವರೂ ಸುಮ್ಮನೆ ಕೂತರು.

“ಮ... ಮದುವಿ ಆದ ಮ್ಯಾಲ ನಾ ನೌಕರಿ... ಬ... ಬಿಡಂಗಿಲ್ರಿ. ನಿಮಗ ನಡೀತೈತೇನ್ರಿ?”

“ನಡೀತೈತ್ರಿ,” ಎಂದ ಹುಡುಗ.

ನಾನು ತಲೆ ತಗ್ಗಿಸಿದೆ. ಇಷ್ಟು ವರ್ಷ ಪ್ರೀತಿಯಿಂದಲೇ ಅವಳ ಮಾತು ಮುಗಿಸಿಕೊಟ್ಟ ನನಗೆ, ಅವಳು ಏನು ಹೇಳಹೊರಟಿದ್ದಳೆಂದು ಒಮ್ಮೆಯೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಪೂಜಾರಿಯಿಂದ ತಹಸೀಲ್ದಾರರವರೆಗೆ ಯಾರ ಮಾತನ್ನೂ ಪೂರ್ತಿಯಾಗಲು ಬಿಡದ ಮನುಷ್ಯ ಅವಳ ಒಂದು ಮಾತನ್ನೂ ಕತ್ತರಿಸಿದ ನೆನಪು ನನಗಿಲ್ಲ.

ಅವರು ಹೋದಮೇಲೆ ಕೇಳಿದೆ: “ಮಾವ, ಅಷ್ಟೊತ್ತು ಹೆಂಗ ಸುಮ್ಮ ಕುಂತ್ರಿ?”

ಮಾವ ನನ್ನನ್ನೇ ವಿಚಿತ್ರವಾಗಿ ನೋಡಿದರು.

“ಆಕಿ ಮಾತಾಡಾಕತ್ತಿದ್ಲಲ್ಲವ್ವಾ.”