ಟೂ-ಸೀಟರಿಗೆ ಅರ್ಥ ಆಗಲಿಲ್ಲ

ಟಕ್. ಅಷ್ಟೇ. ಸ್ಟಾರ್ಟರ್ ಎಳೆದರೆ ಸಂಖ ಊರಿನ ನಮ್ಮ ವಾಡೆಯ ಅಂಗಳದಲ್ಲಿ ಅದೊಂದೇ ಸದ್ದು. ಹಿಂದೆಯೇ ಒಳಗಿನಿಂದ ಮಾವನವರ ಕೆಮ್ಮು. ಕಾರನ್ನು ಎಳೆದು ಚಾಲೂ ಮಾಡಲು ಎತ್ತು ತರಬೇಕೆಂಬ ಅಪ್ಪಣೆ ಅದು.

ಇಂಗ್ಲೆಂಡಿಗೆ ಹೊರಟುಹೋದ ಸಾಹೇಬನೊಬ್ಬನಿಂದ ನನ್ನ ಯಜಮಾನರು ಕೊಂಡ ಸ್ಪೋರ್ಟ್ಸ್ ಕಾರು. ಓಪನ್ ಟೂ-ಸೀಟರ್. ಓಡುವಾಗ ತಲೆಯ ಮೇಲೆ ಸೆರಗು ನಿಲ್ಲುತ್ತಿರಲಿಲ್ಲ. ನಾನೇನು ಮಾಡಲಿ, ಗಾಳಿ! ಬೆಳಗಾವಿಯ ಕಾನ್ವೆಂಟಿನಿಂದ ನೇರ ಸೆರಗಿನೊಳಗೆ ಬಂದು ಬಿದ್ದವಳಿಗೆ ಆ ಗಾಡಿ ಯಾಕೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಒಂದು ದಿನ ಮಾವನವರು ಕಟ್ಟೆಯ ಮೇಲೆ ಬಂದು ಕೂತರು. "ನೋಡ್ರೆಪಾ, ಇವತ್ತ ತಾನ ಚಾಲೂ ಆದ್ರ ಇರ್ಲಿ. ಚಾಲೂ ಮಾಡಾಕ ಎತ್ತ ಹೂಡೂದಾದ್ರ ಮಾರಿಬಿಡ್ರಿ."

"ಡೋಂಟ್ ವರಿ," ಎಂದೆ. ಹ್ಯಾಂಡ್‌ಬುಕ್ ಇಂಗ್ಲಿಷಿನಲ್ಲಿತ್ತು. ಇಂಗ್ಲಿಷ್ ನನ್ನಲ್ಲಿತ್ತು. ಇನ್ನೇನು ಬೇಕು?

ನಾನು ಸ್ಟಿಯರಿಂಗ್ ಮುಂದೆ. ಯಜಮಾನರು ಪಕ್ಕದಿಂದ ಬಾನೆಟ್ಟಿನೊಳಗೆ ಅರ್ಧ ಮುಳುಗಿದ್ದರು. ಹಾರ್ನ್ ಕೂಗಿತು. ಲೈಟ್ ಉರಿಯಿತು. ಸ್ಟಾರ್ಟರ್ ಮಾತ್ರ ಟಕ್.

"ಅರ್ಥ ಆಗವಲ್ದು," ಬಾನೆಟ್ಟಿನೊಳಗಿಂದ ದನಿ ಬಂತು.

ಪಾಪ ಎನಿಸಿತು. ಜತ್ತಿನ ಮರಾಠಿ ಸಾಲಿಯಲ್ಲಿ ಕಲಿತವರು. "ಬ್ಯಾಟರಿಯಿಂದ ಕರೆಂಟ್ ಸ್ವಿಚ್ಚಿಗೆ ಹೋಗ್ತದ, ಅಲ್ಲಿಂದ ಸ್ಟಾರ್ಟರಿಗೆ," ಎಂದು ನಿಧಾನವಾಗಿ ಹೇಳಿಕೊಟ್ಟೆ.

"ಹೋಗಾಕತ್ತೈತಿ. ಅರ್ಥ ಆಗಿಲ್ಲ."

"ಬ್ಯಾಟರಿ ಅಂದ್ರ ಬಾವಿ ಅನ್ಕೊಳ್ರಿ. ವೈರ್ ಅಂದ್ರ ಕಾಲಿವಿ..."

"ನಡುವ ಬಾವಿ ಯಾಕ ತಂದಿ? ಅರ್ಥ ಆಗಿಲ್ಲಂದ್ರ ಆಗಿಲ್ಲ. ಲಗೂನ ಪಾನಾ ಕೊಡು."

ಮರಾಠಿಯಲ್ಲಿ ಪಾನ ಅಂದರೆ ಪುಟ. ಸರಿ, ತಾವೇ ಓದಿಕೊಳ್ಳಲಿ ಎಂದು ಹ್ಯಾಂಡ್‌ಬುಕ್ಕಿನಿಂದ ಸ್ಟಾರ್ಟರಿನ ಪುಟ ಹರಿದು ಕೊಟ್ಟೆ. ಪಾನಾ ಅಂದರೆ ಸ್ಪ್ಯಾನರ್ ಎಂದು ತಿಳಿದದ್ದು ಅವರ ಮುಖ ನೋಡಿದ ಮೇಲೆ.

ನನ್ನನ್ನು ಕೇಳಿ ಸುಖವಿಲ್ಲ ಎಂದು ಅವರು ಒಳಗೆ ಅದೇನನ್ನೋ ಕೈಯಿಂದಲೇ ಒತ್ತಿ ಹಿಡಿದರು. "ಹಾಂ, ಈಗ ಅರ್ಥ ಆತು."

"ವೆರಿ ಗುಡ್," ಎಂದೆ, ಟೀಚರಮ್ಮನ ಗತ್ತಿನಲ್ಲಿ. ಸ್ಟಾರ್ಟರ್ ಎಳೆದೆ. ಗಾಡಿ ಗುರ್ರೆಂದಿತು.

ಗೇರಿನಲ್ಲಿತ್ತು.

ಯಜಮಾನರು ಪಕ್ಕಕ್ಕೆ ಹಾರಿದರು. ಗಾಡಿ ನೇರ ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕಿತು, ನನ್ನ ಸಮೇತ.

"ನಾ ಅಂದದ್ದು ಕರೆಂಟಿನ ಅರ್ಥ್, ಎಂಜಿನ್ನಿಂದ ಚಾಸಿಗೆ ಹೋಗೂ ಪಟ್ಟಿ, ಹುಚ್ಚಿ! ಸಡ್ಲಾಗಿತ್ತು ಅದು!"

ನಮ್ಮ ಸಿಸ್ಟರುಗಳು ಕಲಿಸಿದ ಅರ್ಥ್ ಸೂರ್ಯನನ್ನು ಸುತ್ತುತ್ತಿತ್ತು. ಅದು ಎಂಜಿನ್ನಿನ ಮಗ್ಗುಲಲ್ಲೂ ಇರುತ್ತದೆಂದು ಯಾರೂ ಹೇಳಿರಲಿಲ್ಲ. ತಪ್ಪು ನನ್ನದಲ್ಲ. ಆಗಲೂ ಅಲ್ಲ, ಈಗಲೂ ಅಲ್ಲ.

ಗಾಡಿಯನ್ನು ಹೊರಗೆ ಜಗ್ಗಲು ಎತ್ತು ಬಂದವು. ಮಾವನವರು ಮೀಸೆ ತಿರುವಿದರು. "ಹೂಡಿದ್ರಿಲ್ಲೊ? ಮಾರ್ರಿ."

ತಲೆತುಂಬ ಕಣಿಕೆಯ ರವದಿ ಇಟ್ಟುಕೊಂಡೇ ಎದುರು ನಿಂತೆ. "ಮಾವಾರ, ಚಾಲೂ ಮಾಡಾಕ ಎತ್ತ ಹೂಡಬಾರ್ದು ಅಂದಿದ್ರಿ. ಗಾಡಿ ತಾನ ಚಾಲೂ ಆಗೇತಿ. ಇವು ಬರೇ ಜಗ್ಗಾಕ ಬಂದಾವ್ರಿ."

ಅವರು ಮೀಸೆಯಿಂದ ಕೈ ತೆಗೆದರು. "ವಕೀಲರ ಮನಿ ಹೆಣ್ಣು ತಂದಿದ್ದು ನಂದ ತಪ್ಪು," ಎಂದು ಒಳಗೆ ಹೋದರು. ಗಾಡಿ ಉಳಿಯಿತು. ಸೆರಗು ಉಳಿಯಲಿಲ್ಲ.

ಯಜಮಾನರನ್ನು ಕೊನೆಯ ಸಲ ನೋಡಿದ್ದು ಮಿರಜಿನ ಆಸ್ಪತ್ರೆಯಲ್ಲಿ, ಇಬ್ಬರಿಗೂ ಭಾಳ ವಯಸ್ಸಾದ ಮೇಲೆ. ಡಾಕ್ಟರು ಇಂಗ್ಲಿಷಿನಲ್ಲಿ ಏನೇನೋ ಹೇಳಿ ಹೋದರು.

"ಅರ್ಥ ಆತೇನ್ರಿ?" ಎಂದೆ.

"ಆಗವಲ್ದು," ಎಂದರು, ತುಟಿಯಂಚಿನಲ್ಲಿ ನಗುತ್ತ.

ನಾನೂ ಬಿಡಲಿಲ್ಲ. ಸಡಿಲಾದ ಪಟ್ಟಿ ಹುಡುಕುವವಳಂತೆ ಮಂಚದ ಕೆಳಗೆ ಬಗ್ಗಿದೆ. ಬಗ್ಗಿದ್ದೇನೋ ಸರಿ. ಏಳಹೋದರೆ ಮೊಣಕಾಲು ಟಕ್ ಅಂತು. ಅಷ್ಟೇ.

"ಎತ್ತ ತರಸ್ಲೇನ?" ಎಂದರು.