ಕಪ್ಪೆಯೋ ಪೆಟ್ಟಿಗೆಯೋ

ಎಲ್ಲ ಮುಗಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಗಂಡನ ಫೋನು ರಿಂಗಾಯಿತು. ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಬಾಡಿಗೆ ಕುರ್ಚಿಗಳೂ ಹೋಗಿದ್ದವು. ರಾತ್ರಿ ಮಲಗುವ ಮುಂಚೆ ಅವಳು ಅಭ್ಯಾಸಬಲದಿಂದ ಎರಡು ಫೋನುಗಳನ್ನೂ ಚಾರ್ಜಿಗೆ ಹಾಕಿದ್ದಳು. ಆ ದಿನ ಆದದ್ದಕ್ಕೆಲ್ಲ ಅದೊಂದೇ ಕಾರಣ.

"ಗುಡ್ ಮಾರ್ನಿಂಗ್ ಸರ್, ಕಾರ್ ಶೋರೂಮಿಂದ. ಬರ್ತೀನಿ ಅಂದಿದ್ರಲ್ಲ, ನೆನಪು ಮಾಡೋಣ ಅಂತ. ಇವತ್ತೇ ಕೊನೇ ದಿನ ಸರ್."

"ಅವರು ತೀರಿಕೊಂಡ್ರು," ಎಂದಳು ಅವಳು. ಎಷ್ಟೋ ಜನಕ್ಕೆ ಹೇಳಿ ಹೇಳಿ, ಆ ಮಾತು ಈಗ 'ಅವರು ಸ್ನಾನಕ್ಕೆ ಹೋಗಿದ್ದಾರೆ' ಅನ್ನುವಷ್ಟೇ ಸಲೀಸಾಗಿ ಬರುತ್ತಿತ್ತು.

"ಅಯ್ಯೋ. ಹೋದ ಸಲ ಬಂದಾಗ ಚೆನ್ನಾಗೇ ಇದ್ರಲ್ಲ ಮೇಡಮ್. ಹಾಗಾದ್ರೆ ಬಿಡಿ. ಅಂದ್ರೆ, ಬಿಡೋ ಹಾಗೂ ಇಲ್ಲ. ಫೋನಲ್ಲಿ ಹೇಗೆ ಹೇಳ್ಲಿ... ನೀವೇ ಒಂದ್ಸಲ ಬರೋಕಾಗುತ್ತಾ?"

"ಬರ್ತೀನಿ."

ಇನ್ನೇನಿರುತ್ತದೆ, ಕಾರಿನ ವಿಷಯ. ಒಂದೂವರೆ ವರ್ಷದಿಂದ ಅವನು ಎರಡು ಕಾರುಗಳ ನಡುವೆ ಜೋಲಿ ಹೊಡೆಯುತ್ತಿದ್ದ. ಎರಡೂ ಚಿಕ್ಕ ಗಾಡಿಗಳು. ಎರಡರಲ್ಲೂ ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ. ಒಂದನ್ನು ಅವನು ಕಪ್ಪೆ ಅನ್ನುತ್ತಿದ್ದ; ಅದು ಮೊಣಕಾಲು ಮಡಚಿ ಇನ್ನೇನು ಹಾರುತ್ತೇನೆ ಎಂದು ಕೂತ ಹಾಗೆ ಕಾಣುತ್ತಿತ್ತು. ಇನ್ನೊಂದು ಪೆಟ್ಟಿಗೆ, ಅದು ಪೆಟ್ಟಿಗೆಯ ಹಾಗೆಯೇ ಕಾಣುತ್ತಿತ್ತು. ಕಪ್ಪೆಗೆ ದೊಡ್ಡ ಗೇರಿನ ಪಕ್ಕದಲ್ಲಿ ಒಂದು ಮರಿ ಗೇರು, ಎಳೆದರೆ ಎಂಥ ಕೆಸರಿನಿಂದಲೂ ಎದ್ದು ಬರುತ್ತದೆ. ಪೆಟ್ಟಿಗೆ ತಾನೇ ಯೋಚನೆ ಮಾಡುತ್ತದೆ, ಒಂದು ಚಕ್ರ ಜಾರಿತೋ ಉಳಿದ ಚಕ್ರಗಳಿಗೆ ಬಲ ಕಳಿಸುತ್ತದೆ. ಇದನ್ನೆಲ್ಲ ಅವನು ದೀಪ ಆರಿಸಿದ ಮೇಲೆ ಹೇಳುತ್ತಿದ್ದ. ಅವಳು "ಹ್ಞೂಂ, ಹ್ಞೂಂ" ಅನ್ನುತ್ತ ನಿದ್ದೆ ಹೋಗುತ್ತಿದ್ದಳು. ಅವರ ಊರು ಇಸ್ತ್ರಿ ಮಾಡಿದ ಹಾಗೆ ಚಪ್ಪಟೆ. ಕೆಸರು ನೋಡಬೇಕೆಂದರೆ ಹೂಕುಂಡಕ್ಕೆ ನೀರು ಹಾಕಬೇಕಿತ್ತು.

ಕೊನೆಗೆ ಅವನ ಮನಸ್ಸು ಯಾವ ಕಡೆ ವಾಲಿತ್ತೋ ಅವಳಿಗೆ ಗೊತ್ತಿರಲಿಲ್ಲ. ಅವನು ಅರ್ಧಕ್ಕೆ ಬಿಟ್ಟುಹೋದದ್ದು ಅದೊಂದೇ. ಅದನ್ನು ಅವನ ಮನಸ್ಸಿನ ಹಾಗೆ ಮುಗಿಸಬೇಕು ಅನ್ನಿಸಿತು. ಇಷ್ಟು ದಿನಗಳಲ್ಲಿ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು.

ಉಳಿದುಕೊಂಡಿದ್ದವರು ಭಾವ ಒಬ್ಬರೇ, ಗಂಡನ ಅಣ್ಣ. ವಿಮೆ ಕಂಪನಿಯ ಪರವಾಗಿ ಗುದ್ದಿದ ಕಾರುಗಳನ್ನು ನೋಡಿ ವರದಿ ಬರೆಯುವುದು ಅವರ ಕೆಲಸ. ಹಾಗಾಗಿ ಅವರ ಕಣ್ಣಿಗೆ ಲೋಕದಲ್ಲಿ ಎರಡೇ ಬಗೆಯ ಕಾರುಗಳಿದ್ದವು: ಗುದ್ದಿದವು, ಗುದ್ದಲಿರುವವು.

"ಪೆಟ್ಟಿಗೆ. ಸಂಶಯವೇ ಬೇಡ ಕಣಮ್ಮ," ಎಂದರು ಭಾವ. "ನನ್ನ ಹತ್ರ ಬಾಯಿಬಿಟ್ಟು ಹೇಳಿದ್ದ. 'ಅಣ್ಣ, ನೀನು ಹೇಳಿದ್ದೇ ಸರಿ' ಅಂತ. ಸುತ್ತ ಏರ್‌ಬ್ಯಾಗು, ಹಿಂದೆ ಕ್ಯಾಮೆರಾ, ಮುಂದೆ ಕ್ಯಾಮೆರಾ."

ಕಾಂಪೌಂಡ್ ಗೋಡೆಯ ಮೇಲೆ ಒಂದು ತಲೆ ಎದ್ದಿತು. ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ಶಾಲೆಯಿಂದ ನಿವೃತ್ತರಾಗಿ ಕಾಲವಾದರೂ ವಿಷಲ್ ಇನ್ನೂ ಕೊರಳಲ್ಲೇ ಇತ್ತು.

"ತಪ್ಪು ತಿಳೀಬೇಡಿ ಸ್ವಾಮಿ, ಕದ್ದು ಕೇಳಿದ್ದಲ್ಲ, ಕಿವಿ ಈ ಕಡೆ ಇತ್ತು ಅಷ್ಟೆ. ಕಪ್ಪೆ ಅಂತ ಅವನು ನನಗೆ ಮಾತು ಕೊಟ್ಟಿದ್ದ. ಇದೇ ಗೋಡೆ ಹತ್ರ ನಿಂತು. ಹಿಂದೆ ಗಾಡಿ ಎಳೆಯೋ ಕೊಂಡಿ, ಪಕ್ಕದಲ್ಲಿ ಮೇಲೆ ಹತ್ತೋಕೆ ಏಣಿ."

"ಏಣಿ ಯಾಕೆ ಮೇಷ್ಟ್ರೇ, ಕಾರಿನ ಮೇಲೆ ಹತ್ತಿ ಸುಣ್ಣ ಹೊಡೀತಾನಾ?"

ಅವನು ಇನ್ನು ಏನನ್ನೂ ಹೊಡೆಯುವುದಿಲ್ಲ ಎಂಬುದು ಮೂವರಿಗೂ ಒಟ್ಟಿಗೇ ಹೊಳೆಯಿತು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಮೇಷ್ಟ್ರ ತಲೆ ಗೋಡೆಯ ಹಿಂದೆ ಇಳಿಯಿತು. ಅಲ್ಲಿಂದ ಮಾತು ಮಾತ್ರ ಬಂತು.

"ನನ್ನ ಗಾಡಿ ತೆಗೀತೀನಿ. ಹೋಗಿ ನೋಡೇಬಿಡೋಣ."

ಮೇಷ್ಟ್ರ ಗಾಡಿ ಹಳೆಯ ಕಾರು, ವಯಸ್ಸಿನಲ್ಲಿ ಅವರಿಗಿಂತ ಸ್ವಲ್ಪವೇ ಚಿಕ್ಕದು. ದಾರಿಯುದ್ದಕ್ಕೂ ಅದು ಗುಡುಗಿದ್ದೇನು, ಸೀನಿದ್ದೇನು. ಶೋರೂಮಿನ ಗೇಟಿನವರೆಗೂ ಬಂತು. ಊರಿನಲ್ಲಿ ಏರು ಅನ್ನುವುದೊಂದು ಇದ್ದರೆ ಅದು ಶೋರೂಮಿನ ಮುಂದಿನ ಸಿಮೆಂಟಿನ ಇಳಿಜಾರು. ಅದರ ಅರ್ಧಕ್ಕೆ ಹೋಗಿ ಗಾಡಿ ನಿಂತಿತು. ನಿಂತದ್ದಲ್ಲದೆ ಮೆಲ್ಲಗೆ ಹಿಂದಕ್ಕೆ ಹೊರಟಿತು.

"ಅಮ್ಮಾ, ನೀನು ಸ್ಟಿಯರಿಂಗ್ ಹಿಡ್ಕೋ, ಸುಮ್ನೆ ಹಿಡ್ಕೋ ಸಾಕು," ಎಂದು ಭಾವ ಇಳಿದು ತಳ್ಳಲು ನಿಂತರು. ಮೇಷ್ಟ್ರೂ ಇಳಿದು ಲಯಕ್ಕೆ ವಿಷಲ್ ಊದಿದರು. ಒಳಗಿನಿಂದ ಒಬ್ಬ ಓಡಿ ಬಂದ. ಕೋಟು ಅಣ್ಣನದು, ಟೈ ಅಪ್ಪನದು ಎಂಬ ಹಾಗಿದ್ದ. ಅವನೂ ತಳ್ಳಿದ. ಕಿಟಕಿಯ ಪಕ್ಕಕ್ಕೆ ಬಂದು, ತಳ್ಳುತ್ತಲೇ, "ಮೇಡಮ್, ಬೆಳಿಗ್ಗೆ ಫೋನ್ ಮಾಡಿದ್ದು ನಾನೇ. ಆ ವಿಷಯ ಏನಂದ್ರೆ..." ಎಂದ.

"ಉಸಿರು ಹಾಳು ಮಾಡ್ಬೇಡಪ್ಪ. ತಳ್ಳು," ಎಂದರು ಭಾವ.

ಒಳಗೆ ಕಪ್ಪೆಯೂ ಪೆಟ್ಟಿಗೆಯೂ ಪಕ್ಕಪಕ್ಕ ನಿಂತಿದ್ದವು. ಹಿಂದಿನ ಗೋಡೆಯ ತುಂಬ ಕಾರಿಗೆ ಜೋಡಿಸುವ ಎಕ್ಸ್‌ಟ್ರಾಗಳನ್ನು ನೇತುಹಾಕಿದ್ದರು.

"ಮೇಡಮ್, ಒಂದು ನಿಮಿಷ ನಿಮ್ಮ ಹತ್ರ..." ಎಂದ ಸೇಲ್ಸ್‌ನವನು.

"ಈ ಕೊಳವೆ ಏನು?" ಎಂದರು ಮೇಷ್ಟ್ರು.

ಅವನಿಗೆ ಪ್ರಶ್ನೆ ಕೇಳಿಸಿದರೆ ಉತ್ತರ ತಾನಾಗಿ ಹೊರಬೀಳುತ್ತಿತ್ತು. "ಅದು ಎಂಜಿನ್ನಿನ ಮೂಗು ಸರ್. ಗಾಡಿ ನೀರಿಗೆ ಇಳಿದ್ರೂ ಎಂಜಿನ್ ಆರಾಮಾಗಿ ಉಸಿರಾಡುತ್ತೆ."

"ಎಂಜಿನ್ ಉಸಿರಾಡುತ್ತೆ ಸರಿ. ಒಳಗೆ ಕೂತೋರು?" ಎಂದರು ಭಾವ.

ಅವನು ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಅದಕ್ಕೆ ನಮ್ಮಲ್ಲಿ ಏನೂ ಇಲ್ಲ ಸರ್," ಎಂದು ಒಪ್ಪಿಕೊಂಡ.

ಕಲ್ಲು ತಾಗದ ಹಾಗೆ ಹೊಟ್ಟೆಗೆ ಕಟ್ಟುವ ತಗಡು, ಕೂತರೆ ಬೆಚ್ಚಗಾಗುವ ಸೀಟು, ಆಕಾಶ ನೋಡಲು ಮಾಡಿನಲ್ಲಿ ಗಾಜು. ಒಂದೊಂದಕ್ಕೂ ಭಾವ ಒಂದು ಅಪಘಾತದ ಕತೆ ಹೇಳಿದರು, ಮೇಷ್ಟ್ರು ಒಂದು ಸಾಹಸದ ಕತೆ ಹೇಳಿದರು. ಓಡಿಸಿ ನೋಡಲು ಕೊಟ್ಟಾಗ ಮೇಷ್ಟ್ರು ಕಪ್ಪೆಯ ಮರಿ ಗೇರು ಎಳೆದು ಅದೇ ಇಳಿಜಾರನ್ನು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಊರಲ್ಲಿ ಬೇರೆ ಏರು ಇರಲಿಲ್ಲವಲ್ಲ. ಭಾವ ಪೆಟ್ಟಿಗೆಯನ್ನು ಬೀದಿಯ ಕೊನೆಯವರೆಗೆ ಒಯ್ದರು. ಎಷ್ಟು ಜೋಪಾನವೆಂದರೆ ಒಂದು ಸೈಕಲ್ಲು ಅವರನ್ನು ದಾಟಿಕೊಂಡು ಹೋಯಿತು.

ಅವಳು ಎರಡರಲ್ಲೂ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದಳು. ಅವನು ಎಲ್ಲಿ ಕೈ ಇಡುತ್ತಿದ್ದ, ಏನು ಹೇಳುತ್ತಿದ್ದ ಎಂದು ಊಹಿಸಲು ನೋಡಿದಳು. ಎರಡರಲ್ಲೂ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ನೀನೇ ಹೇಳಮ್ಮ," ಎಂದರು ಭಾವ. "ಕಟ್ಟಿಕೊಂಡ ಹೆಂಡತಿ ನೀನು. ನಿನಗೆ ಗೊತ್ತಿರಲ್ವಾ?"

"ಪಾಪ, ಅವಳನ್ನ ಯಾಕೆ ಕೇಳ್ತೀರಿ? ನನಗೆ ಗೊತ್ತು ಅಂತಿದೀನಲ್ಲ," ಎಂದರು ಮೇಷ್ಟ್ರು.

"ನಿಮಗೆ ಗೊತ್ತಿರೋದು ಲೆಫ್ಟು, ರೈಟು."

ಮೇಷ್ಟ್ರು ಹೋಗಿ ಕಪ್ಪೆಯಲ್ಲಿ ಕೂತು ಗಾಜು ಏರಿಸಿಕೊಂಡರು. ಅದನ್ನು ನೋಡಿದ ಭಾವ ಪೆಟ್ಟಿಗೆಯಲ್ಲಿ ಕೂತು ತಮ್ಮ ಗಾಜು ಏರಿಸಿಕೊಂಡರು. ಇನ್ನೊಬ್ಬರು ಸೋಲುವವರೆಗೆ ಇಳಿಯುವುದಿಲ್ಲವೆಂದು ಇಬ್ಬರ ಮುಖದಲ್ಲೂ ಬರೆದಿತ್ತು. ಮೇಷ್ಟ್ರು ಕೆನ್ನೆ ಉಬ್ಬಿಸಿ ವಿಷಲ್ ಊದುವುದು ಕಾಣುತ್ತಿತ್ತು. ಹೊರಗೆ ಏನೂ ಕೇಳಿಸುತ್ತಿರಲಿಲ್ಲ.

"ಗಾಜು ಒಳ್ಳೇದಿದೆ," ಎಂದಳು ಅವಳು.

"ಮೇಡಮ್, ಈಗಲಾದ್ರೂ ಹೇಳಿಬಿಡ್ತೀನಿ," ಎಂದ ಸೇಲ್ಸ್‌ನವನು. "ಸರ್ ಯಾವ ಕಾರನ್ನೂ ಬುಕ್ ಮಾಡಿರ್ಲಿಲ್ಲ."

"ಮತ್ತೆ ಕೊನೇ ದಿನ ಅಂದ್ರಿ?"

"ರೂಫ್ ರ‍್ಯಾಕು ಮೇಡಮ್. ಕಾರಿನ ತಲೆ ಮೇಲೆ ಸಾಮಾನು ಕಟ್ಟೋಕೆ ಕಂಬಿಯ ಚೌಕಟ್ಟು ಇರುತ್ತಲ್ಲ, ಅದು. ಮನೇಲಿಟ್ಟು ನೋಡ್ತೀನಿ ಅಂತ ಒಯ್ದಿದ್ರು. ಹಾಗೆಲ್ಲ ಕೊಡೋ ಹಾಗಿಲ್ಲ. ಆದ್ರೆ ಸರ್ ಎದುರು ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ನಾಳೆ ಮೇಲಿನವರು ಬಂದು ಒಂದೊಂದೇ ಸಾಮಾನು ಎಣಿಸ್ತಾರೆ. ಅದಿಲ್ಲ ಅಂದ್ರೆ ನಾನೂ ಇಲ್ಲ. ಇಂಥ ಹೊತ್ತಲ್ಲಿ ನಿಮ್ಮನ್ನ ಹೇಗೆ ಕೇಳ್ಲಿ ಅಂತ ಬೆಳಿಗ್ಗೆಯಿಂದ..."

ಅವಳು ಸ್ವಲ್ಪ ಯೋಚಿಸಿದಳು. "ಕಾರೇ ಇಲ್ಲದೆ ಅದನ್ನ ಯಾವುದರ ಮೇಲಿಟ್ಟು ನೋಡೋದು?"

"ನಾನೂ ಕೇಳ್ದೆ ಮೇಡಮ್. ಮೊದಲು ರ‍್ಯಾಕು ಮನೆಗೆ ಒಗ್ಗಲಿ, ಕೆಳಗಿನ ಕಾರು ಆಮೇಲೆ ನೋಡಿಕೊಂಡ್ರಾಯ್ತು ಅಂದ್ರು."

ಅದು ಅವನದೇ ಮಾತು. ಅದರಲ್ಲಿ ಅನುಮಾನವಿರಲಿಲ್ಲ.

"ಯಾವ ಕಾರು ಅಂತ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

"ಪ್ರತಿ ಶನಿವಾರ ಕೇಳ್ತಿದ್ದೆ ಮೇಡಮ್. ಮನೇಲಿ ಕೇಳಿ ಹೇಳ್ತೀನಿ ಅಂತಿದ್ರು."

"ಮನೇಲಿ ಏನಂದ್ರಂತೆ?"

ಅವನು ಟೈ ಸರಿ ಮಾಡಿಕೊಂಡ. "ಎರಡಕ್ಕೂ ಹ್ಞೂಂ ಅಂದ್ರಂತೆ."

ಅವಳು ನಕ್ಕಳು. ನಕ್ಕದ್ದು ತನಗೇ ಕೇಳಿಸಿ, ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಕಾರುಗಳ ಕಿಟಕಿ ತಟ್ಟಿ ಇಬ್ಬರನ್ನೂ ಇಳಿಸಿ, ವಿಷಯ ಹೇಳಿ, ಮನೆಗೆ ಕರೆದುಕೊಂಡು ಬಂದಳು.

ರ‍್ಯಾಕನ್ನು ಹುಡುಕಬೇಕಾಗಿರಲಿಲ್ಲ. ಅದು ಹಿಂದಿನ ಬಾಲ್ಕನಿಯಲ್ಲಿತ್ತು. ಎಷ್ಟೋ ತಿಂಗಳಿಂದ ಅವಳು ಅದನ್ನು ಬಟ್ಟೆ ಒಣಗಿಸುವ ಸ್ಟ್ಯಾಂಡು ಎಂದುಕೊಂಡಿದ್ದಳು. ಒಂದು ಶನಿವಾರ ಅವನು ತಂದು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಹಿಂದೆ ಸರಿದು, ತಲೆ ವಾಲಿಸಿ ನೋಡುತ್ತಿದ್ದ. ಅವಳು ಬಂದು "ಒಳ್ಳೇದಾಯ್ತು" ಎಂದು ಒದ್ದೆ ಬೆಡ್‌ಶೀಟು ಹರವಿದ್ದಳು. ಅವನು ಬಾಯಿ ತೆರೆದಿದ್ದ. ಮತ್ತೆ ಮುಚ್ಚಿದ್ದ. ಆಮೇಲೆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಹರವಲು ನೆರವಾಗಿದ್ದ.

ಈಗ ಅದರ ಮೇಲೆ ಅವನ ಒಂದು ಶರಟು ಇತ್ತು. ಮನೆ ತುಂಬ ಜನವಿದ್ದರೂ ಅದನ್ನು ತೆಗೆಯಲು ಯಾರಿಗೂ ತೋಚಿರಲಿಲ್ಲ. ಬಿಸಿಲಿಗೆ ಹಲಗೆಯ ಹಾಗೆ ಸೆಟೆದಿತ್ತು. ಅವಳು ಅದನ್ನು ತೆಗೆದಳು, ಮಡಚಿದಳು, ಬೀರುವಿನವರೆಗೆ ಹೋದಳು, ವಾಪಸು ಬಂದು ಕುರ್ಚಿಯ ಮೇಲೆ ಇಟ್ಟಳು.

"ತಡಿ ತಡಿ," ಎಂದರು ಭಾವ. ಅವರ ಕಣ್ಣು ಕಂಬಿಯ ಮೇಲಿತ್ತು. "ರ‍್ಯಾಕಿಗೆ ಅಂತ ಒಂದು ಅಳತೆ ಇರುತ್ತೆ. ಕಂಡಕಂಡ ಕಾರಿಗೆಲ್ಲ ಕೂರಲ್ಲ. ಇದು ಯಾವುದಕ್ಕೆ ಕೂರುತ್ತೋ ಅದೇ ಅವನ ಮನಸ್ಸಲ್ಲಿದ್ದ ಕಾರು."

ಮೇಷ್ಟ್ರು ಆ ದಿನ ಮೊದಲ ಸಲ ತಲೆಯಾಡಿಸಿದರು. "ಸ್ವಾಮಿ, ಇದು ಸರಿಯಾದ ಮಾತು."

ಅವನು ಕೊನೆಗೂ ಹೇಳಿಯೇ ಹೋಗಿದ್ದಾನೆ ಅನ್ನಿಸಿತು ಅವಳಿಗೆ. ತಾನೇ ಅದರ ಮೇಲೆ ಟವೆಲ್ಲು ಹಾಕಿ ಮುಚ್ಚಿದ್ದಳು.

ರ‍್ಯಾಕನ್ನು ಮೇಷ್ಟ್ರ ಗಾಡಿಯ ನೆತ್ತಿಗೆ ಹಗ್ಗ ಹಾಕಿ ಬಿಗಿದರು. ಇಳಿಜಾರಿನ ಬುಡದಲ್ಲಿ ಗಾಡಿ ಮತ್ತೆ ನಿಂತಿತು. ಈ ಸಲ ಅದನ್ನು ಯಾರೂ ತಳ್ಳಲಿಲ್ಲ. ರ‍್ಯಾಕನ್ನೇ ಬಿಚ್ಚಿ ಹೆಗಲಿಗೆ ತೆಗೆದುಕೊಂಡರು. ಮುಂದೆ ಭಾವ, ಹಿಂದೆ ಮೇಷ್ಟ್ರು, ನಡುವೆ ಅವಳು. ಏರು ಮುಗಿಯುವವರೆಗೂ ಮೇಷ್ಟ್ರು ವಿಷಲ್ ಊದಲಿಲ್ಲ.

ಶೋರೂಮಿನ ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ರ‍್ಯಾಕನ್ನು ಕಂಡು ಸೇಲ್ಸ್‌ನವನ ಮುಖಕ್ಕೆ ರಕ್ತ ವಾಪಸು ಬಂತು.

"ಕೂರಿಸಿ ತೋರಿಸಪ್ಪ," ಎಂದರು ಭಾವ.

ಅವನು ಮೆಕ್ಯಾನಿಕ್ಕನ್ನು ಕರೆದ. ಇಬ್ಬರೂ ಎತ್ತಿ ಕಪ್ಪೆಯ ಮೇಲೆ ಇಟ್ಟರು. ನಾಲ್ಕು ಮೂಲೆಯಲ್ಲೂ ಟಕ್ ಎಂದು ಕೂತಿತು, ಅಲ್ಲೇ ಹುಟ್ಟಿದ ಹಾಗೆ. ಮೇಷ್ಟ್ರು ಅಟೆನ್ಷನ್ನಿನಲ್ಲಿ ನಿಂತರು. "ಗೋಡೆ ಹತ್ರ ನಿಂತು ಹೇಳಿದ್ದ," ಎಂದಷ್ಟೇ ಹೇಳಿದರು.

ಅವಳು ಕಪ್ಪೆಯನ್ನು ನೋಡಿದಳು. ಇದೋ ಹಾಗಾದರೆ ಎಂದುಕೊಂಡಳು. ಮೈ ಸ್ವಲ್ಪ ಹಗುರಾಯಿತು.

"ಪೆಟ್ಟಿಗೆ ಮೇಲೂ ಒಂದ್ಸಲ ಇಡಪ್ಪ," ಎಂದರು ಭಾವ. "ಸುಮ್ನೆ, ಕೂರಲ್ಲ ಅಂತ ನೋಡೋಕೆ."

ತೆಗೆದು ಪೆಟ್ಟಿಗೆಯ ಮೇಲೆ ಇಟ್ಟರು. ಟಕ್.

"ಎರಡಕ್ಕೂ ಕೂರುತ್ತೆ ಸರ್," ಎಂದ ಸೇಲ್ಸ್‌ನವನು. "ಈ ಗೋಡೆ ಮೇಲಿರೋದ್ರಲ್ಲಿ ಎರಡಕ್ಕೂ ಆಗೋದು ಅಂದ್ರೆ ಇದೊಂದೇ. ಸರ್ ಮೂರು ಶನಿವಾರ ಹುಡುಕಿ ಇದನ್ನ ಆರಿಸಿದ್ರು. ಆರಿಸಿದ ದಿನ ತುಂಬ ಖುಷಿಯಾಗಿದ್ರು."

ಭಾವ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ಭಾವನನ್ನು ನೋಡಿದರು. ಇಬ್ಬರಿಗೂ ಒಂದೇ ಮನುಷ್ಯ ಒಂದೇ ಬಗೆಯಲ್ಲಿ ಮಾತು ಕೊಟ್ಟಿದ್ದ ಎಂಬುದು ಈಗ ನಿಧಾನವಾಗಿ ತಲೆಗೆ ಇಳಿಯುತ್ತಿತ್ತು.

"ನಿಮಗೇನಾದ್ರೂ ಬೇಕಾ ಮೇಡಮ್?" ಎಂದ ಸೇಲ್ಸ್‌ನವನು, ಬಾಯಿಪಾಠ ಒಪ್ಪಿಸುವ ಹಾಗೆ. "ಕಪ್ಪೆ? ಪೆಟ್ಟಿಗೆ?"

"ಮನೇಲಿ ಕೇಳಿ ಹೇಳ್ತೀನಿ," ಎಂದಳು ಅವಳು.

ಹೇಳಿದ ಮೇಲೆ ಆ ಮಾತು ಅವಳಿಗೆ ಕೇಳಿಸಿತು.

"ಆಗ್ಲಿ ಮೇಡಮ್, ಅರ್ಜೆಂಟೇನಿಲ್ಲ," ಎಂದು ಅವನು ರ‍್ಯಾಕನ್ನು ಇಳಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಕಂಬಿಯ ಕೊನೆಯಲ್ಲಿ ಒಂದು ಬಟ್ಟೆ ಕ್ಲಿಪ್ಪು ಉಳಿದಿತ್ತು.

"ಇದು ನಮ್ಮನೇದು," ಎಂದು ಅವಳು ಅದನ್ನು ಬಿಡಿಸಿ ಚೀಲಕ್ಕೆ ಹಾಕಿಕೊಂಡಳು. ಇನ್ನು ಬಟ್ಟೆ ಎಲ್ಲಿ ಒಣಗಿಸುವುದು ಎಂಬ ಯೋಚನೆ ಹತ್ತಿದ್ದು ಆಗ.